ಅವಧಿ ಮುಗಿದರೂ ಸಾಲ ಮುಗಿಯದು
ಸಿರಿಗೆರೆಯ ಹೋಟೆಲು, ಸೋಮವಾರ. ಮಠದ ನ್ಯಾಯಪೀಠಕ್ಕೆ ಬಂದ ಇಬ್ಬರು ಮಂಡಕ್ಕಿ ಮೆಣಸಿನಕಾಯಿ ಮುಂದಿಟ್ಟುಕೊಂಡು ದೇಶ ತಿದ್ದುತ್ತಿದ್ದಾರೆ. "ಎಮ್ಮೆಲ್ಲೆಗಳಿಗೆ ಎರಡೇ ಅವಧಿ ಅಂತ ಕಾನೂನು ಮಾಡಿದ್ರೆ ದುಡ್ಡಿನ ಆಟ ನಿಂತೋಗುತ್ತೆ ಕಣಣ್ಣ." "ಪಂಚಾಯ್ತಿ ಅಧ್ಯಕ್ಷಗಿರಿ ಎಷ್ಟು ದಿನದ್ದಪ್ಪ? 30 ತಿಂಗಳು. ಮೀಸಲಾತಿ ಬೇರೆ ತಿರುಗ್ತಾ ಇರುತ್ತೆ, ಅದೇ ಕುರ್ಚಿ ಮತ್ತೆ ಸಿಗೋ ಖಾತ್ರಿಯಿಲ್ಲ. ಆದ್ರೂ ಅಧ್ಯಕ್ಷರ ಆಯ್ಕೆ ಹತ್ರ ಬಂದ್ರೆ ಸದಸ್ಯರಿಗೆ ದಿಢೀರ್ ಅಂತ ತೀರ್ಥಯಾತ್ರೆ ನೆನಪಾಗೋದ್ಯಾಕೆ?"

ಅಣ್ಣನ ಮಾತಿನಲ್ಲಿ ತಿರುಳಿದೆ. 2020ರ ಡಿಸೆಂಬರಿನ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ರಾಜ್ಯದ ಕೆಲವೆಡೆ ಸದಸ್ಯ ಸ್ಥಾನಗಳೇ ಹರಾಜಾದವು. ಅವಧಿ ಗಿಡ್ಡವಾದಷ್ಟೂ ಹಾಕಿದ ಬಂಡವಾಳ ಬೇಗ ಎತ್ತಬೇಕು. ಇನ್ನು ವಿಧಾನಸಭೆಗೆ ನಿಲ್ಲುವ ಅಭ್ಯರ್ಥಿಯ ವೆಚ್ಚಕ್ಕೆ 40 ಲಕ್ಷದ ಮಿತಿ. ಪಕ್ಷದ ವೆಚ್ಚಕ್ಕೆ ಮಿತಿಯೇ ಇಲ್ಲ. (ಆ 40 ಲಕ್ಷದಲ್ಲೂ ಉಳಿಸಿ ಲೆಕ್ಕ ಕೊಡುವ ಮಿತವ್ಯಯಿಗಳು ನಮ್ಮವರು!) ಹಳಬನನ್ನು ಮನೆಗೆ ಕಳಿಸಿದರೆ ಬರುವ ಹೊಸಬನಿಗೆ ಹೆಸರಿರುವುದಿಲ್ಲ, ಹೆಸರು ಮಾಡಲು ಹಣ ಬೇಕು, ಹಣಕ್ಕೆ ಗುತ್ತಿಗೆದಾರ ಬೇಕು. ಗುತ್ತಿಗೆದಾರನಿಗಂತೂ ಅವಧಿ ಮಿತಿಯಿಲ್ಲ.

"ಇಪ್ಪತ್ತು ವರ್ಷ ಕೂತವನು ಬೇರು ಬಿಟ್ಟಿರ್ತಾನಲ್ಲಣ್ಣ?" ಈ ಆಕ್ಷೇಪ ಸುಳ್ಳಲ್ಲ. ಹಳೆಯ ನಂಟು ಕಡಿದರೆ ಒಂದಿಷ್ಟು ಲಾಭವುಂಟು. ಆದರೆ ದೇಣಿಗೆಯ ಲೆಕ್ಕ ಬಯಲಾಗದೆ, ಪಕ್ಷದ ವೆಚ್ಚಕ್ಕೆ ಕಡಿವಾಣ ಬೀಳದೆ ಅವಧಿ ಮಿತಿಯನ್ನಷ್ಟೇ ತಂದರೆ ಅಪ್ಪನ ಜಾಗಕ್ಕೆ ಮಗ, ಮಗನ ಜಾಗಕ್ಕೆ ಸೊಸೆ. ಫ್ಲೆಕ್ಸಿನಲ್ಲಿ ಫೋಟೊ ಮಾತ್ರ ಬದಲು.

"ಬಿಲ್ಲು ನಾನು ಕೊಡ್ತೀನಿ ತಡಿಯಣ್ಣ."

"ಆ ಮೂಲೆ ಟೇಬಲ್ಲಿನ ಕಂಟ್ರಾಕ್ಟರು ಆಗ್ಲೇ ಕೊಟ್ರಂತೆ. ನೀನು ಜಿಲ್ಲಾ ಪಂಚಾಯ್ತಿಗೆ ನಿಲ್ತೀಯ ಅಂತ ಯಾರೋ ಹೇಳಿದಾರೆ."