ಕೋವಿಕ್ರಯ ಮೀಮಾಂಸೆ

ಕೋವಿ ಕೊಳ್ಳುವವರಲ್ಲಿ ಎರಡು ಪಂಥ. ಅಳೆದು ತೂಗಿ ಕೊಳ್ಳುವ ಯೋಜಕರು ಒಂದು ಕಡೆ, ತಲೆ ಬಿಸಿಯಾದೊಡನೆ ಅಂಗಡಿಗೆ ನುಗ್ಗುವ ಆವೇಶವಾದಿಗಳು ಇನ್ನೊಂದು ಕಡೆ. ಎರಡನೆಯ ಪಂಥ ಕರ್ನಾಟಕದಲ್ಲಿ ಬೇರೂರಲು ಸಾಧ್ಯವೇ ಇಲ್ಲ ಎಂಬುದು ಈ ಪ್ರಬಂಧದ ಪ್ರಮೇಯ. ಕಳ್ಳಕೋವಿಯವರು ಇದರ ವ್ಯಾಪ್ತಿಗೆ ಬರುವುದಿಲ್ಲ. ಅವರ ಬಗ್ಗೆ ಪೊಲೀಸ್ ಇಲಾಖೆ ಪ್ರತ್ಯೇಕ ಸಂಶೋಧನೆ ನಡೆಸುತ್ತಿದೆ.

ಪೂರ್ವಪಕ್ಷ ಅಮೆರಿಕದ್ದು. ಅಲ್ಲಿನ ಗಿರಾಕಿ 4473 ನಂಬರಿನ ಫಾರಂ ತುಂಬುತ್ತಾನೆ. ಅಂಗಡಿಯವ 1998ರಲ್ಲಿ ಶುರುವಾದ ರಾಷ್ಟ್ರೀಯ ತಪಾಸಣಾ ವ್ಯವಸ್ಥೆಯಲ್ಲಿ ವಿಚಾರಿಸುತ್ತಾನೆ. ಬಹಳ ಸಲ ನಿಮಿಷಗಳಲ್ಲೇ ಉತ್ತರ ಬರುತ್ತದೆ. ಸಿಟ್ಟು ಆರಲೆಂದು ಕ್ಯಾಲಿಫೋರ್ನಿಯ 10 ದಿನ ಕಾಯಿಸುತ್ತದೆಯಂತೆ. ಹತ್ತೇ ದಿನ! ನಮ್ಮಲ್ಲಿ ಅಷ್ಟರೊಳಗೆ ಫೈಲು ಪಕ್ಕದ ಮೇಜಿಗೆ ಹೋದರೆ ಏನೋ ಒಳವ್ಯವಹಾರವಿದೆ ಎಂದು ಜನ ಆಡಿಕೊಳ್ಳುತ್ತಾರೆ.

ಈಗ ಸಿದ್ಧಾಂತ. ಶಿರಸಿ ಸೀಮೆಯ ಅಡಿಕೆ ಬೆಳೆಗಾರನೊಬ್ಬನನ್ನು ಕಲ್ಪಿಸಿಕೊಳ್ಳಿ. ಬೆಳಿಗ್ಗೆ ತೋಟಕ್ಕೆ ಇಳಿದರೆ ಮಂಗಗಳು ಎಳೆ ಅಡಿಕೆ ಚೀಪಿ ಉಗಿದಿವೆ, ಹಂದಿ ಬಾಳೆಬುಡ ಮಗುಚಿದೆ. ಒಂದು ಈಡು ಹಾರಿಸಿ ಬೆದರಿಸುವ ಎಂದು ಆವೇಶ ಹುಟ್ಟಿತು. ಅಲ್ಲಿಂದ ಮುಂದೆ 1959ರ ಶಸ್ತ್ರಾಸ್ತ್ರ ಕಾಯ್ದೆ, ಅದರ ಬೆನ್ನಿಗೆ 2016ರ ನಿಯಮಾವಳಿ: ಅರ್ಜಿ, ಫೋಟೋ, ತರಬೇತಿ ಪಡೆದ ದಾಖಲೆ, ವೈದ್ಯರ ಸರ್ಟಿಫಿಕೇಟು, ಪೊಲೀಸ್ ವರದಿ. "ಇವ್ರಿಗೆ ಯಾರ ಮೇಲಾದ್ರೂ ದ್ವೇಷ ಉಂಟಾ?" ಎಂದು ಆಚೆಮನೆಯವರನ್ನು ಕೇಳಿದರೆ ಅವರು ಮಂಗನ ಹೆಸರು ಹೇಳುವಂತಿಲ್ಲ. ಲೈಸೆನ್ಸು ಕೈಸೇರುವ ಹೊತ್ತಿಗೆ ಮಂಗಗಳು ಅಜ್ಜ ಅಜ್ಜಿಯರಾಗಿರುತ್ತವೆ, ಬೆಳೆಗಾರ ಪಕ್ಕಾ ಯೋಜಕನಾಗಿರುತ್ತಾನೆ. ಅಷ್ಟರಲ್ಲಿ ಚುನಾವಣೆ ಘೋಷಣೆಯಾಗುತ್ತದೆ; ಅಭ್ಯರ್ಥಿಗಿಂತ ಮೊದಲೇ ಇವನು ಠಾಣೆಯಲ್ಲಿ ಕೋವಿಯ ಠೇವಣಿ ಇಡಬೇಕು. ಹಂದಿಗೆ ಮಾತ್ರ ನೀತಿಸಂಹಿತೆ ಅನ್ವಯಿಸುವುದಿಲ್ಲ.

ಅಪವಾದವಿಲ್ಲದೆ ಶಾಸ್ತ್ರವುಂಟೇ? ಕೊಡಗು. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಲೈಸೆನ್ಸಿನಿಂದ ಬ್ರಿಟಿಷರ ಕಾಲದ ವಿನಾಯಿತಿಯಿದೆ. 2019ರ ಕೇಂದ್ರದ ಅಧಿಸೂಚನೆ ಅದನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿದೆ, 2021ರಲ್ಲಿ ಹೈಕೋರ್ಟೂ ಎತ್ತಿಹಿಡಿದಿದೆ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಕೈಲ್‌ಪೊಳ್ದ್ ಹಬ್ಬದಲ್ಲಿ ನಡುಮನೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿ ಕೋವಿ ಇಟ್ಟು, ನಳಿಕೆಗೆ ಕೆಂಪು ಹಳದಿ ಬಣ್ಣದ ಹೂವಾದ ತೋಕ್‌ಪೂ ಸಿಕ್ಕಿಸಿ ಪೂಜೆ. ತಾತನ ಜೋಡಿನಳಿಕೆ ಮನೆಯಲ್ಲೇ ಇರುವಾಗ ಯೋಜನೆಯೂ ಬೇಡ, ಆವೇಶವೂ ಬೇಡ. ಎರಡೂ ಪಂಥದ ಪಂಡಿತರು ಇಲ್ಲಿ ಕಾಫಿ ಕುಡಿದು ಹಿಂತಿರುಗುವುದೇ ಲೇಸು.

ಲೈಸೆನ್ಸಿನವರ ವಿಷಯದಲ್ಲಿ ಒಂದು ಉಪಪ್ರಮೇಯ ಬಾಕಿಯಿದೆ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿ ಒಬ್ಬರಿಗೆ ಮೂರಿದ್ದ ಕೋವಿಯ ಮಿತಿಯನ್ನು ಎರಡಕ್ಕೆ ಇಳಿಸಿ, ಹೆಚ್ಚಿನದನ್ನು ಒಪ್ಪಿಸಲು ಒಂದು ವರ್ಷ ಕೊಟ್ಟಿತು. ಅಪ್ಪನ ಕಾಲದ್ದು ಬಿಡುವುದೋ, ಕಚೇರಿ ಅಲೆದು ತಾನೇ ಕೊಂಡದ್ದೋ, ಗಂಡುಮಕ್ಕಳಿಲ್ಲದ ಮಾವನಿಂದ ಬಂದದ್ದೋ? ಯೋಜಕನಿಗೆ ಯೋಚಿಸಲು ವರ್ಷವೇನೋ ಸಾಕು. ಮಾವನದ್ದನ್ನೇ ಬಿಡುವುದಾದರೆ ಮಾತ್ರ ಜಿಲ್ಲಾಧಿಕಾರಿಗಿಂತ ಮೊದಲು ಅಡುಗೆಮನೆಯಿಂದ ಎನ್‌ಓಸಿ ತರಬೇಕಾಗುತ್ತದೆ.