ಹಳ್ಳ ಮುಚ್ಚಿದವರಿಗೊಂದು ಶಾಲು

ಸನ್ಮಾನಕ್ಕೆ ಯೋಗ್ಯರು ಸಿಗುವುದಿಲ್ಲ ಎಂದು ಸಂಘ-ಸಂಸ್ಥೆಗಳು ಗೋಳಾಡುವ ಕಾಲ ಇದು. ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಗೆ ಆ ಚಿಂತೆ ಇಲ್ಲ. ಊರಂಚಿನ ಹಳ್ಳವನ್ನು ಹಿಡಿದೆಳೆದು ನೆಟ್ಟಗೆ ಮಾಡಿ, ಎರಡೂ ಬದಿಗೆ ಗೋಡೆ ಕಟ್ಟಿ, ಮೇಲೆ ಸ್ಲ್ಯಾಬು ಹಾಕಿ, ಸ್ಲ್ಯಾಬಿನ ಮೇಲೆ ಪಾನ್ ಅಂಗಡಿ ಇಡಿಸಿದ ಮಹನೀಯರು ಓಣಿಗೊಬ್ಬರಂತೆ ಸಿಗುತ್ತಾರೆ. ಅವರಿಗೆ ಶಾಲು ಹೊದಿಸುವುದೊಂದೇ ಈ ಬರಹದ ಉದ್ದೇಶ. ಹಾರದ ಹೂವು ಹಿಂದೆ ಹಳ್ಳದ ದಂಡೆಯಲ್ಲೇ ಸಿಗುತ್ತಿತ್ತು. ಈಗ ಪ್ಯಾಟಿಯಿಂದ ತರಿಸಿದ್ದೇನೆ.

ಅವರ ಸಾಧನೆಯ ಎತ್ತರ ತಿಳಿಯಬೇಕಾದರೆ ಮೊದಲು ಹಳ್ಳದ ದುರ್ಗುಣಗಳನ್ನು ತಿಳಿಯಬೇಕು. ಹಳ್ಳ ಎಂದೂ ನೆಟ್ಟಗೆ ಹರಿದದ್ದಿಲ್ಲ. ಬೇಸಿಗೆಯಲ್ಲಿ ಒಣಗಿ ಬಿದ್ದಿರುತ್ತದೆ, ಆದರೂ ಜಾಗ ಬಿಡುವುದಿಲ್ಲ. ಮೈತುಂಬ ಜಾಲಿ, ಲಕ್ಕಿ, ಆಪು ಬೆಳೆಸಿಕೊಂಡು ಗುಂಟೆಗಟ್ಟಲೆ ಭೂಮಿ ತಿನ್ನುತ್ತದೆ. ಉತಾರದಲ್ಲಿ ನೋಡಿದರೆ ಖರಾಬು, ಅಂದರೆ ಸರ್ಕಾರದ್ದು, ಅಂದರೆ ಯಾರದ್ದೂ ಅಲ್ಲ. ಮಳೆ ಬಂದಾಗಲಾದರೂ ಶಿಸ್ತಿನಿಂದ ಓಡೀತೆಂದರೆ ಅದೂ ಇಲ್ಲ. ದಂಡೆ ದಾಟಿ ತಗ್ಗಿನ ಹೊಲಕ್ಕೆ ಹಬ್ಬಿ, ಅಲ್ಲೇ ಎರಡು ದಿನ ಕೂತು, ನಿಧಾನಕ್ಕೆ ನೆಲದೊಳಗೆ ಇಳಿಯುತ್ತದೆ. ಇದರಿಂದ ಸುತ್ತಲಿನ ಬಾವಿಗಳು ಯಾವ ಕ್ರಿಯಾ ಯೋಜನೆಯೂ ಇಲ್ಲದೆ, ಯಾವ ಬಿಲ್ಲೂ ಆಗದೆ ತುಂಬಿಬಿಡುತ್ತಿದ್ದವು. ಇಂಥ ಲೆಕ್ಕವಿಲ್ಲದ ವ್ಯವಹಾರವನ್ನು ಎಷ್ಟು ದಿನ ಸಹಿಸಬೇಕು?

ಅಲ್ಲಿಗೆ ಬಂದದ್ದು ಎನ್.ಎ. ಪ್ಲಾಟು, ಅಂದರೆ ಕೃಷಿಯೇತರ ನಿವೇಶನ. ಒಂದು ಎಕರೆ ಎರೆಹೊಲದ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ನೀರು ಸುಮಾರು 40,000 ಲೀಟರ್. ಐದು ಸಾವಿರದ ಟ್ಯಾಂಕರಿನಲ್ಲಿ ಅಳೆದರೆ ಎಂಟು ಟ್ಯಾಂಕರ್. ಬೇಸಿಗೆಯಲ್ಲಿ ಬಾಯಿ ಬಿಟ್ಟಿದ್ದ ಎರೆಭೂಮಿ ಮೊದಲ ಮಳೆಗಳನ್ನು ಸದ್ದಿಲ್ಲದೆ ನುಂಗುತ್ತಿತ್ತು. ಅದೇ ಎಕರೆಗೆ ಮುರುಮು ಹೊಡೆಸಿ, ಡಾಂಬರು ಹಾಕಿ, ಮನೆ ಕಟ್ಟಿ, ಅಂಗಳಕ್ಕೆಲ್ಲ ಪೇವರ್ಸ್ ಕೂಡಿಸಿದ ಮೇಲೆ ನೆಲದ ದುರಾಸೆಗೆ ಕಡಿವಾಣ ಬಿತ್ತು. ಎಂಟರಲ್ಲಿ ಏಳು ಟ್ಯಾಂಕರಿನಷ್ಟಾದರೂ ಈಗ ನೇರ ರಸ್ತೆಗೆ ಬರುತ್ತದೆ. ನೀರು ಕಣ್ಣಿಗೆ ಕಾಣುತ್ತದೆ. ಕಾಣುವ ಅಭಿವೃದ್ಧಿ ಎಂದರೆ ಇದೇ.

ರಸ್ತೆಗೆ ಬಂದ ನೀರಿಗೆ ಗಟಾರ ಬೇಕಲ್ಲ! ಇಳಿಜಾರು ಅದೇ ಇದ್ದು ಆಳವೂ ಅಷ್ಟೇ ಇದ್ದರೆ, ಹುಲ್ಲು-ಕಲ್ಲಿನ ಹಳ್ಳಕ್ಕಿಂತ ನುಣುಪಾದ ಕಾಂಕ್ರೀಟಿನಲ್ಲಿ ನೀರು ಎರಡು-ಮೂರು ಪಟ್ಟು ಜೋರಾಗಿ ಓಡುತ್ತದೆ ಎಂದು ಎಂಜಿನಿಯರಿಂಗ್ ಪುಸ್ತಕಗಳೇ ಹೇಳುತ್ತವೆ. ಹಿಂದೆ ಗುಡ್ಡದ ನೀರು ಊರು ಮುಟ್ಟುವಷ್ಟರಲ್ಲಿ ಮಳೆಯೇ ನಿಂತಿರುತ್ತಿತ್ತು. ಈಗ ಎಲ್ಲ ಬಡಾವಣೆಗಳ ನೀರೂ ಒಂದೇ ಹೊತ್ತಿಗೆ, ಬೀಗರ ಊಟಕ್ಕೆ ಬಂದವರ ಹಾಗೆ ಕೂಡಿಯೇ ಬಂದಿಳಿಯುತ್ತದೆ. ಸಮಯಪ್ರಜ್ಞೆಯಿಲ್ಲದ ಹಳ್ಳಕ್ಕೆ ಇಷ್ಟು ಶಿಸ್ತು ಕಲಿಸಿದವರಿಗೆ ಒಂದು ಶಾಲು ಸಾಲದು.

ಹೂಳೆತ್ತುವವರನ್ನು ಮರೆತರೆ ಪಾಪ ಬಂದೀತು. ಮೇ ಕೊನೆಗೆ ಜೆಸಿಬಿ ಬರುತ್ತದೆ. ಗಟಾರದ ಹೂಳು, ಪ್ಲಾಸ್ಟಿಕ್ಕು, ಹರಿದ ಚಪ್ಪಲಿ ಎಲ್ಲವನ್ನೂ ಎತ್ತಿ ಅದರ ದಂಡೆಯ ಮೇಲೆಯೇ ಅಚ್ಚುಕಟ್ಟಾಗಿ ಒಟ್ಟುತ್ತದೆ. ಫೋಟೋ ಆಗುತ್ತದೆ. ಜೂನಿನ ಮೊದಲ ದೊಡ್ಡ ಮಳೆಗೆ ಅಷ್ಟೂ ಸಾಮಾನು ತನ್ನ ಮೂಲಸ್ಥಾನಕ್ಕೆ ಮರಳುತ್ತದೆ. ಮುಂದಿನ ಮೇ ತಿಂಗಳಲ್ಲಿ ಅದೇ ಹೂಳು, ಅದೇ ಜೆಸಿಬಿ. ಒಂದು ಹಿಡಿ ಮಣ್ಣಿಗೆ ವರ್ಷ ವರ್ಷ ಉದ್ಯೋಗ ಕೊಡುವುದನ್ನು ಬೇರೆ ಯಾವ ಖಾತೆಯೂ ಇನ್ನೂ ಕಲಿತಿಲ್ಲ.

ಇನ್ನು ನಮ್ಮ ಸೀಮೆಯ ನೆರೆಹೊರೆಯ ಪ್ರೀತಿ. ದೇವರು ಈ ಮೂರು ತಾಲ್ಲೂಕುಗಳನ್ನು ಘಟಪ್ರಭೆಯ ಗುಂಟ ಮೇಲಿಂದ ಕೆಳಕ್ಕೆ ಸಾಲಾಗಿ ಕೂರಿಸಿದ್ದಾನೆ. ಅಂಬೋಲಿ ಕಡೆಯ ಮಳೆ ಹೊತ್ತ ಹಿರಣ್ಯಕೇಶಿ ಸಂಕೇಶ್ವರವನ್ನು ಸವರಿಕೊಂಡು ಬಂದು ಘಟಪ್ರಭೆ ಸೇರುತ್ತದೆ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ಲಿನಲ್ಲಿ 51 ಟಿಎಂಸಿ ಹಿಡಿಯುವ ರಾಜಾ ಲಖಮಗೌಡ ಜಲಾಶಯ. ಅದರ ಕೆಳಗೆ 1897ರ ಧೂಪದಾಳ ಒಡ್ಡು, ಅದರಾಚೆ 170 ಅಡಿ ಧುಮುಕುವ ಗೋಕಾಕ ಜಲಪಾತ. ಅತ್ತ ಬೆಳಗಾವಿಯಿಂದ ಮಾರ್ಕಂಡೇಯ ಹೊರಡುತ್ತದೆ. ಶಹಾಪುರ-ವಡಗಾವಿಯ ಭತ್ತದ ಗದ್ದೆಗಳನ್ನು ಮುಳುಗಿಸಿ ಹೆಸರು ಮಾಡಿದ ಬಳ್ಳಾರಿ ನಾಲೆಯ ಪ್ರಸಾದವೂ ಅದರೊಳಗಿದೆ. ಗೊಡಚಿನಮಲ್ಕಿಯಲ್ಲಿ ಧುಮುಕಿ, ಗೋಕಾಕದ ಹತ್ತಿರ ಅದೂ ಘಟಪ್ರಭೆಗೆ ಕೂಡುತ್ತದೆ. ಗೋಕಾಕ ದಾಟಿದರೆ ಮೂಡಲಗಿ ತಾಲ್ಲೂಕಿನ ಸುಣಧೋಳಿ, ಅವರಾದಿ. ಹೀಗಾಗಿ ಮೇಲಿನವರು ಎಷ್ಟು ಬೇಗ ತಮ್ಮ ನೀರನ್ನು ಕಳಿಸುತ್ತಾರೋ ಕೆಳಗಿನವರಿಗೆ ಅಷ್ಟು ಬೇಗ ಮುಟ್ಟುತ್ತದೆ. ಇಟ್ಟುಕೊಂಡು ತಿನ್ನುವ ಬುದ್ಧಿ ಯಾರಿಗೂ ಇಲ್ಲ. ಮೂಡಲಗಿಯನ್ನು ಗೋಕಾಕದಿಂದ ಬೇರೆ ತಾಲ್ಲೂಕು ಮಾಡಿದರು ನಿಜ. ನೀರಿನ ಪಾಲಿನಲ್ಲಿ ಮಾತ್ರ ಮನೆ ಒಡೆದಿಲ್ಲ.

ಈ ಪ್ರೀತಿ ಪೂರ್ತಿ ಅರಳಿದ್ದು 2019ರ ಆಗಸ್ಟಿನಲ್ಲಿ. ಘಟಪ್ರಭೆಯೂ ಮಾರ್ಕಂಡೇಯವೂ ಒಟ್ಟಿಗೆ ಏರಿದವು. ಗೋಕಾಕದ ಹತ್ತಿರದ ಲೋಳಸೂರ ಸೇತುವೆ ನೀರಿನಡಿ ಹೋಯಿತು, ಪ್ಯಾಟಿಯೊಳಗೆ ದೋಣಿ ಬಂದವು. ಆಗಲೇ ನಮ್ಮ ಗಟಾರಗಳ ಇನ್ನೊಂದು ಗುಣ ಬೆಳಕಿಗೆ ಬಂದದ್ದು: ಅವು ಎರಡೂ ದಿಕ್ಕಿಗೆ ಹರಿಯಬಲ್ಲವು. ಹೊಳೆ ಗಟಾರದ ಬಾಯಿಗಿಂತ ಮೇಲೆ ಬಂದರೆ ಊರಿನ ನೀರು ಹೊರಗೆ ಹೋಗುವ ಬದಲು ಹೊಳೆಯೇ ಊರೊಳಗೆ ಬರುತ್ತದೆ. ಗಟಾರದ ಬಾಯಿಗೆ ಒಂದು ಬಾಗಿಲು ಇಟ್ಟಿದ್ದರೆ ಈ ಅತಿಥಿ ಸತ್ಕಾರ ತಪ್ಪಿಹೋಗುತ್ತಿತ್ತು. 2024ರ ಜುಲೈನಲ್ಲಿ ಹೊಳೆ ಮತ್ತೆ ಏರಿದಾಗ ಲೋಳಸೂರ ಸೇತುವೆ ಅನುಭವಿಯಾಗಿತ್ತು, ಸುಮ್ಮನೆ ಮುಳುಗಿತು.

ಮನೆ ಕಟ್ಟುವವರ ಜಾಣತನಕ್ಕೂ ಒಂದು ಹಾರ ಸಲ್ಲಬೇಕು. ಹೊಸ ಬಡಾವಣೆಯೊಂದರಲ್ಲಿ ಕಿವಿಗೆ ಬಿದ್ದ ಮಾತು:

"ತಮ್ಮಾ, ಇಲ್ಲಿ ಹಳ್ಳ ಇತ್ತಲ್ಲೋ. ಮನಿ ಹೆಂಗ ಕಟ್ಟಿದಿ?"

"ಕಾಕಾ, ಪ್ಲಾಟ್ ಎನ್.ಎ. ಆಗೇತ್ರಿ. ಉತಾರ ನನ್ನ ಹೆಸರಿಲೇ ಐತ್ರಿ."

"ಹೌದಪಾ. ಆದ್ರ ನೀರಿಗೆ ಉತಾರ ಓದಾಕ ಬರಂಗಿಲ್ಲಲ."

"ಅದಕ್ಕರೀ ಕಾಕಾ, ಬುನಾದಿ ಎರಡ ಫೂಟ ಎತ್ರಿಸೇನಿ."

ಅವನು ಎರಡು ಫೂಟು ಎತ್ತರಿಸಿದ್ದನ್ನು ನೋಡಿ ಬಾಜೂದವನು ಮೂರು ಎತ್ತರಿಸಿದ. ಇಬ್ಬರ ಪೈಪೋಟಿ ನೋಡಲಾರದೆ ರಸ್ತೆಯೂ ಡಾಂಬರಿನ ಮೇಲೆ ಡಾಂಬರು ಹಾಕಿಸಿಕೊಂಡು ಬೆಳೆಯಿತು. ಹಿಂದೆ ಮೂರು ಮೆಟ್ಟಿಲು ಹತ್ತಿ ಹೋಗುತ್ತಿದ್ದ ಹಳೇ ಮನೆಗಳಿಗೆ ಈಗ ಎರಡು ಮೆಟ್ಟಿಲು ಇಳಿದು ಹೋಗಬೇಕು. ಓಣಿಯ ನೀರಿಗೆಲ್ಲ ಆಸರೆ ಕೊಡುವ ಪುಣ್ಯ ಆ ಮನೆಯ ಮುದುಕಿಯದು. ಆಕೆಯನ್ನು ಯಾರೂ ಕೇಳಿದ್ದಿಲ್ಲ. ಪುಣ್ಯವನ್ನು ಕೇಳಿ ಕೊಡುವ ಪದ್ಧತಿ ಎಲ್ಲಿದೆ?

ಹಳ್ಳದ ಹಳೇ ಹಾದಿ ಯಾವುದಿತ್ತು ಎಂದು ಆಗಾಗ ಸಭೆಗಳಲ್ಲಿ ಪ್ರಶ್ನೆ ಏಳುತ್ತದೆ. ಶ್ರೀಕೃಷ್ಣ ಪಾರಿಜಾತ ಬಯಲಾಟದ ಕುಲಗೋಡ ತಮ್ಮಣ್ಣನ ನಾಡು ಇದು. ಆ ಆಟದ ಕೊರವಂಜಿಯನ್ನು ಕರೆಸಿ ಕಣಿ ಕೇಳಬಹುದು. ಸರ್ವೇ ನಕ್ಷೆಯನ್ನಂತೂ ಕೇಳಬಾರದು, ಅದು ಹೇಳಿಬಿಡುತ್ತದೆ.

ಕೆಲವು ಕಿರಿಕಿರಿ ಜನ ಇದ್ದಾರೆ. ಹಳ್ಳದ ತಳಕ್ಕೆ ಕಾಂಕ್ರೀಟು ಹಾಕಬೇಡಿ, ದಂಡೆಗೆ ಹುಲ್ಲು-ಗಿಡ ಬಿಡಿ, ತಗ್ಗಿನ ಜಾಗ ಖಾಲಿ ಇಡಿ, ಪ್ರತಿ ಬಡಾವಣೆ ತನ್ನ ಮಳೆನೀರನ್ನು ತನ್ನ ಉದ್ಯಾನದ ಜಾಗದಲ್ಲೇ ಒಂದು ತಗ್ಗು ತೋಡಿ ಅರ್ಧ ದಿನ ನಿಲ್ಲಿಸಿಕೊಂಡು ಆಮೇಲೆ ಬಿಡಲಿ ಎನ್ನುತ್ತಾರೆ. ಕೊನೆಯದಕ್ಕೆ ನನ್ನ ತಕರಾರಿಲ್ಲ. ಉದ್ಯಾನ ಹೇಗೂ ನಕ್ಷೆಯಲ್ಲಿ ಮಾತ್ರ ಇದೆ, ತಗ್ಗನ್ನೂ ನಕ್ಷೆಯಲ್ಲೇ ತೋಡಬಹುದು.

ಇವರೇ ಹೊರದೇಶದ ಉದಾಹರಣೆಗಳನ್ನೂ ತರುತ್ತಾರೆ. ಸಿಂಗಪುರದವರು ಬಿಷನ್ ಉದ್ಯಾನದ ಬದಿಯ 2.7 ಕಿಲೋಮೀಟರ್ ನೇರ ಕಾಂಕ್ರೀಟು ಕಾಲುವೆಯನ್ನು ಒಡೆದು, 2012ರ ಹೊತ್ತಿಗೆ ಅದನ್ನು 3.2 ಕಿಲೋಮೀಟರ್ ಅಂಕುಡೊಂಕು ಹೊಳೆ ಮಾಡಿಕೊಂಡರಂತೆ. ಕೈಯಾರೆ ದುಡ್ಡು ಕೊಟ್ಟು ನೆಟ್ಟಗಿದ್ದುದನ್ನು ಸೊಟ್ಟ ಮಾಡಿಸಿಕೊಳ್ಳುವುದೇ! ದಕ್ಷಿಣ ಕೊರಿಯಾದ ಸೋಲ್ ನಗರದವರು 2003ರಿಂದ 2005ರೊಳಗೆ ಮೇಲ್ಸೇತುವೆಯನ್ನೇ ಕೆಡವಿ, ಅದರಡಿ ಹೂತಿದ್ದ ಚಿಯೊಂಗ್ಗೆಚಿಯೊನ್ ತೊರೆಯನ್ನು 5.8 ಕಿಲೋಮೀಟರ್ ಬಯಲಿಗೆ ತಂದರು. ನೀರು ಸಾಲದೆ ಈಗ ಹಾನ್ ನದಿಯಿಂದ ಪಂಪು ಹಚ್ಚಿದ್ದಾರೆ. ನಮ್ಮ ಆದರ್ಶ ಬೆಂಗಳೂರೇ ಇರಲಿ. 2022ರ ಸೆಪ್ಟೆಂಬರಿನಲ್ಲಿ ಅಲ್ಲಿಯ ಸಾಫ್ಟ್‌ವೇರ್ ಎಂಜಿನಿಯರುಗಳು ಟ್ರ್ಯಾಕ್ಟರ್ ಹತ್ತಿ ಕಚೇರಿಗೆ ಹೋದರು. ನಮ್ಮಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಮಳೆಗಾಲದಲ್ಲಿ ಸುಮ್ಮನೆ ನಿಂತಿರುತ್ತವೆ, ಆ ಮಟ್ಟಿಗೆ ನಾವು ಬೆಂಗಳೂರಿಗಿಂತ ಮುಂದೆಯೇ ಇದ್ದೇವೆ.

ಬೇಸಿಗೆ ಬರುತ್ತದೆ. ಬಾವಿ ತಳ ಕಾಣುತ್ತದೆ, ಬೋರು ಗಾಳಿ ಉಗುಳುತ್ತದೆ. ಆಗಸ್ಟಿನಲ್ಲಿ ರೊಕ್ಕ ಕೊಟ್ಟು ಓಡಿಸಿದ ಅದೇ ಏಳು ಟ್ಯಾಂಕರು ನೀರನ್ನು ಏಪ್ರಿಲಿನಲ್ಲಿ ರೊಕ್ಕ ಕೊಟ್ಟು ಮನೆ ಬಾಗಿಲಿಗೆ ತರಿಸುತ್ತೇವೆ. ಗಟಾರದ ಗುತ್ತಿಗೆದಾರನೂ ಬದುಕಬೇಕು, ಟ್ಯಾಂಕರಿನವನೂ ಬದುಕಬೇಕು. ಹಳ್ಳ ಇದ್ದ ಕಾಲದಲ್ಲಿ ಇಬ್ಬರಿಗೂ ಕೆಲಸ ಇರಲಿಲ್ಲ.

ಸನ್ಮಾನದ ಜೊತೆಗೆ ಒಂದು ಸಣ್ಣ ಬೇಡಿಕೆ ಇದೆ. ಮುಂದಿನ ವರ್ಷದ ಕ್ರಿಯಾ ಯೋಜನೆಯಲ್ಲಿ ಗಟಾರಕ್ಕೆ ಟೆಂಡರ್ ಕರೆಯುವಾಗ ಅದೇ ಟೆಂಡರಿನಲ್ಲಿ ವಾರ್ಡಿಗೊಂದು ದೋಣಿಯನ್ನೂ ಸೇರಿಸಬೇಕು. ಬೇರೆ ಬೇರೆ ಕರೆದರೆ ದುಂದುವೆಚ್ಚ. ದೋಣಿಗೆ ನೆರಳು ಬೇಕೆಂದರೆ ಸ್ಲ್ಯಾಬಿನ ಮೇಲೆ, ಪಾನ್ ಅಂಗಡಿಯ ಪಕ್ಕದಲ್ಲಿ ಇನ್ನೂ ಹತ್ತು ಫೂಟು ಜಾಗ ಉಳಿದಿದೆ.