ನೀರು ಸಾಕುವವರು

ಬೆಂಗಳೂರಿನ ಯಾವುದಾದರೊಂದು ಬಡಾವಣೆಯಲ್ಲಿ, ಸಾಧಾರಣ ಅನುಕೂಲಸ್ಥರ ನಡುಮನೆಯಲ್ಲಿ, ಮೂರಡಿ ಉದ್ದದ ಗಾಜಿನ ತೊಟ್ಟಿಯೊಂದು ನೀರಿನಿಂದ ತುಂಬಿ, ದೀಪದಿಂದ ಬೆಳಗಿ, ಮೀನೆಂಬ ಪ್ರಾಣಿಯ ಸುಳಿವು ಮಾತ್ರ ಇಲ್ಲದೆ ವಾರಗಟ್ಟಲೆ ಗುಳುಗುಳು ಸದ್ದು ಮಾಡುತ್ತಿರುವುದನ್ನು ನೀವು ಕಂಡಿದ್ದರೆ, ಆ ಗೃಹದ ಯಜಮಾನರು ನಾನು ಇಲ್ಲಿ ವರ್ಣಿಸಹೊರಟಿರುವ ಮಹನೀಯರೇ ಎಂದು ನಿಸ್ಸಂದೇಹವಾಗಿ ನಂಬಬಹುದು. ಅವರನ್ನು ಜಲಪರೀಕ್ಷಕರೆಂದು ಕರೆಯೋಣ. “ಮೀನೆಲ್ಲಿ, ಸ್ವಾಮಿ?” ಎಂದು ನೀವು ಕೇಳುವುದನ್ನೇ ಅವರು ಕಾದಿರುತ್ತಾರೆ. “ಮೀನಿಗೇನು ಅವಸರ? ನೀರು ಇನ್ನೂ ಪಕ್ವವಾಗಿಲ್ಲ” ಎನ್ನುತ್ತಾರೆ. ಹುಟ್ಟುಹಬ್ಬಕ್ಕೆ ಮೀನು ಬರುವುದೆಂಬ ಮಾತನ್ನು ನಂಬಿ, ಆ ಹಬ್ಬವೂ ಕಳೆದುಹೋಗಿ, ಬರಿಯ ನೀರನ್ನೇ ನೋಡುತ್ತ ಕುಳಿತ ಮಗನ ಮುಖದಲ್ಲಿ ಅವಸರ ಯಾರಿಗೆಂಬುದು ಸ್ಪಷ್ಟವಾಗಿ ಬರೆದಿರುತ್ತದೆ. ಲೋಕ ಇವರನ್ನು ಮೀನು ಸಾಕುವವರೆಂದು ತಿಳಿದಿದೆ, ಅದು ಭ್ರಾಂತಿ. ಇವರು ಸಾಕುವುದು ನೀರನ್ನು. ಅದಕ್ಕೊಂದು ನೆಪ ಬೇಕೆಂದು ಮೀನನ್ನು ಇಟ್ಟುಕೊಳ್ಳುತ್ತಾರೆ.

ನ್ಯಾಯವಾಗಿ ಹೇಳಬೇಕಾದರೆ, ಅವರ ಸಿದ್ಧಾಂತದಲ್ಲಿ ದೋಷವಿಲ್ಲ. ಮೀನು ತನ್ನ ದೇಹದ ಕಲ್ಮಷದ ಬಹುಭಾಗವನ್ನು ಅಮೋನಿಯದ ರೂಪದಲ್ಲಿ, ಅದೂ ಕಿವಿರುಗಳ ಮೂಲಕವೇ, ತಾನು ಉಸಿರಾಡುವ ನೀರಿಗೆ ಬಿಡುತ್ತದೆ. ಹೊಳೆಯಲ್ಲಾದರೆ ಹರಿದುಹೋಗುವ ಈ ವಿಷ 120 ಲೀಟರಿನ ತೊಟ್ಟಿಯಲ್ಲಿ ಹೋಗಲು ದಾರಿಯಿಲ್ಲದೆ ನಿಲ್ಲುತ್ತದೆ. ನೈಟ್ರೊಸೊಮೊನಾಸ್ ಮೊದಲಾದ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟಾಗಿಯೂ, ನೈಟ್ರೊಸ್ಪೈರಾ ವರ್ಗದವು ಆ ನೈಟ್ರೈಟನ್ನು ಅಷ್ಟೇನೂ ಅಪಾಯವಲ್ಲದ ನೈಟ್ರೇಟಾಗಿಯೂ ಪರಿವರ್ತಿಸುತ್ತವೆ. ಇವು ಸ್ಪಂಜಿನ ರಂಧ್ರಗಳಲ್ಲಿಯೂ ತಳದ ಹರಳುಗಳ ಮೇಲೂ ನೆಲಸಿ, ಕುಟುಂಬ ಬೆಳೆಸಿ, ಕಾರ್ಯಕ್ಕೆ ಸಾಲುವಷ್ಟು ಸಂಖ್ಯೆಗೆ ಬರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಇಷ್ಟನ್ನೂ ಜಲಪರೀಕ್ಷಕರು ನಿಮ್ಮ ಕಾಫಿ ಆರುವವರೆಗೆ ವಿವರಿಸುತ್ತಾರೆ. ಹಳೆಯ ಪುಸ್ತಕ ಓದಿದ ಅತಿಥಿ ಯಾರಾದರೂ ನೈಟ್ರೊಬ್ಯಾಕ್ಟರಿನ ಹೆಸರೆತ್ತಿದರೆ, ಸಿಹಿನೀರಿನ ತೊಟ್ಟಿಗಳ ಮಟ್ಟಿಗೆ ಆ ಮತ 1998ರಲ್ಲಿಯೇ ಬಿದ್ದುಹೋಯಿತೆಂದು ತಿಳಿಸಿ, ಆ ಅತಿಥಿಗೆ ಎರಡನೆಯ ಲೋಟ ಕಾಫಿಯನ್ನೂ ಆರಿಸುತ್ತಾರೆ. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಎರಡು ಚಿನ್ನದ ಮೀನು, ವ್ಯಾಲಿಸ್ನೇರಿಯಾ ಗಿಡ, ಕೆಲವು ಬಸವನಹುಳು ಇಷ್ಟನ್ನೇ ಒಂದು ಪಾತ್ರೆಯಲ್ಲಿಟ್ಟು, ಪಂಪು ಫಿಲ್ಟರುಗಳ ಹಂಗಿಲ್ಲದೆ ನೀರನ್ನು ತಿಳಿಯಾಗಿರಿಸಿದ್ದನ್ನು 1850ರಲ್ಲಿಯೇ ವರದಿಮಾಡಿದರಲ್ಲಾ ಎಂದು ನಾನೊಮ್ಮೆ ನೆನಪಿಸಿದೆನು. “ಪಾಪ, ಆತನ ಹತ್ತಿರ ಪರೀಕ್ಷೆಯ ಹನಿಗಳಿರಲಿಲ್ಲ” ಎಂದರು.

ಆ ಹನಿಗಳ ಪೂಜೆ ಭಾನುವಾರ ಬೆಳಿಗ್ಗೆ ನಡೆಯುತ್ತದೆ. ಅಮೋನಿಯದ ನಾಳ ಹಳದಿಯಾಗಿ ಉಳಿದರೆ ಕ್ಷೇಮ, ಹಸಿರಿಗೆ ತಿರುಗಿದರೆ ಅನರ್ಥ. ಆದರೆ ಹಳದಿ ಎಲ್ಲಿ ಮುಗಿದು ಹಸಿರು ಎಲ್ಲಿ ಆರಂಭವಾಯಿತೆಂಬುದು ಒಬ್ಬರಿಂದ ತೀರ್ಮಾನವಾಗುವ ವಿಷಯವಲ್ಲವಾದ್ದರಿಂದ, ಒಲೆಯ ಮುಂದಿನಿಂದ ಹೆಂಡತಿಯನ್ನೂ, ಹಾಸಿಗೆಯಿಂದ ಮಗನನ್ನೂ, ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡಿಕೊಂಡಿರುವ ವೃದ್ಧ ತಾಯಿಯನ್ನೂ ಕಿಟಕಿಯ ಬಳಿ ಕರೆತಂದು ಅಭಿಪ್ರಾಯ ಪಡೆಯಲಾಗುತ್ತದೆ. “ನಿನಗೆ ಯಾವುದು ಬೇಕೋ ಅದೇ ಬಣ್ಣ ಕಣಪ್ಪ” ಎಂದು ತಾಯಿ ತೀರ್ಪು ಕೊಡುತ್ತಾರೆ.

ಬಳಿಕ ನೀರು ಬದಲಿಸುವ ಕಾರ್ಯ. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರು ದೂರ ಸಾಗಿ, ಸುಮಾರು 500 ಮೀಟರು ಎತ್ತರ ಏರಿ, ದಿನ ಬಿಟ್ಟು ದಿನ ನಲ್ಲಿಯಲ್ಲಿ ದರ್ಶನಕೊಡುವ ಕಾವೇರಿಯಲ್ಲಿ ಮನುಷ್ಯರ ಹಿತಕ್ಕೆಂದು ಕ್ಲೋರಿನ್ ಬೆರೆತಿರುತ್ತದೆ. ಅದು ಮೀನಿನ ಕಿವಿರಿಗೂ ಆ ಪೂಜ್ಯ ಬ್ಯಾಕ್ಟೀರಿಯಾಗಳಿಗೂ ಆಗದು. ಆದಕಾರಣ ಬಚ್ಚಲಿನ ಬಕೆಟ್ಟುಗಳೆಲ್ಲವೂ ನೀರು ತುಂಬಿಕೊಂಡು, ಕ್ಲೋರಿನ್ ಹಾರಿಹೋಗಲೆಂದು ಒಂದು ಹಗಲು ಒಂದು ರಾತ್ರಿ ಬಾಯಿ ತೆರೆದು ನಿಲ್ಲುತ್ತವೆ. ಮನೆಮಂದಿ ಚೊಂಬಿನಲ್ಲಿ ಸ್ನಾನ ಪೂರೈಸುತ್ತಾರೆ. “ಅಲ್ರೀ, ಸಂಪು ತೊಳೆಸಿ ಎರಡು ವರ್ಷವಾಯಿತು. ನಾವು ಕುಡಿಯುವ ನೀರಿಗೂ ಆ ಹನಿ ಒಂದೆರಡು ಹಾಕಿ ನೋಡಬಾರದೇ?” ಎಂದು ಗೃಹಿಣಿ ಒಮ್ಮೆ ಕೇಳಿದರು. “ನಮಗೆ ಕಿವಿರಿಲ್ಲವಲ್ಲೇ” ಎಂದು ಜಲಪರೀಕ್ಷಕರು ಶಾಂತವಾಗಿ ಸಮಾಧಾನ ಹೇಳಿದರು.

ಆ ಶಾಂತಿ ಕದಡಿದ್ದು ಒಂದು ದೀಪಾವಳಿಯಲ್ಲಿ. ಹಬ್ಬಕ್ಕೆ ಮನೆಯನ್ನು ಶುಚಿಮಾಡುತ್ತಿದ್ದ ಕೆಲಸದಾಕೆ, ಫಿಲ್ಟರಿನೊಳಗಿನ ಸ್ಪಂಜು ಕಪ್ಪಗೆ ಲೋಳೆಗಟ್ಟಿರುವುದನ್ನು ಕಂಡು ಸಹಿಸಲಾರದೆ, ಅದನ್ನು ನಲ್ಲಿಯ ಕೆಳಗೆ ಹಿಡಿದು, ಸೋಪು ಹಚ್ಚಿ, ಬಿಳುಪೇರುವವರೆಗೆ ತಿಕ್ಕಿ, ಕ್ಲಿಪ್ಪು ಹಾಕಿ ಬಟ್ಟೆಯ ಹಗ್ಗಕ್ಕೆ ಒಣಹಾಕಿದ್ದಳು. ಆ ಸ್ಪಂಜನ್ನು ಹಿಂಡಬೇಕಾದರೆ ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಮೃದುವಾಗಿ ಹಿಂಡಬೇಕೆಂಬ ನಿಯಮ ಆಕೆಗೆ ಯಾರೂ ಹೇಳಿರಲಿಲ್ಲ. ಸಂಜೆ ಆಫೀಸಿನಿಂದ ಬಂದ ಜಲಪರೀಕ್ಷಕರು ಆ ಹಗ್ಗದ ಕೆಳಗೆ ನಿಂತ ನಿಲುವನ್ನು ನೋಡಿ ಪಕ್ಕದ ಮನೆಯವರು, ಊರಿನಿಂದ ಏನೋ ಕೆಟ್ಟ ಸುದ್ದಿ ಬಂದಿರಬೇಕೆಂದು ಒಳಗೆ ಬಂದು ವಿಚಾರಿಸಿದರು. ಕೋಟ್ಯಂತರ ಪ್ರಜೆಗಳ ನಿಧನಕ್ಕೆ ಅವರು ಯಾರ ಮೇಲೆ ಕೋಪಿಸಿಕೊಳ್ಳಬೇಕು? ಗೃಹಿಣಿಯು ಆಕೆಯ ಶ್ರದ್ಧೆಗೆ ಮೆಚ್ಚಿ ಹಬ್ಬದ ಇನಾಮನ್ನು ಆಗಲೇ ಹೆಚ್ಚಿಸಿ ಕೊಟ್ಟಾಗಿತ್ತು. ಆ ರಾತ್ರಿಯೇ ಅವರು ಪಟಾಕಿಗಳ ನಡುವೆ ಸ್ಕೂಟರು ನಡೆಸಿಕೊಂಡು ನಗರದ ಇನ್ನೊಂದು ಮೂಲೆಯ ಸಹವ್ಯಸನಿಯೊಬ್ಬರ ಮನೆಗೆ ಹೋಗಿ, ಅಲ್ಲಿ ವರ್ಷಗಳಿಂದ ಓಡುತ್ತಿರುವ ಫಿಲ್ಟರಿನಿಂದ ಕೊಳಕು ಸ್ಪಂಜಿನ ತುಂಡೊಂದನ್ನು ಬೇಡಿ ತಂದರು. “ಹೆಪ್ಪಿಗೆ ಅಷ್ಟು ದೂರ ಹೋಗಬೇಕಾಯಿತೇನೋ?” ಎಂದರು ತಾಯಿ. ಇಡೀ ಮನೆಯಲ್ಲಿ ಆ ಶಾಸ್ತ್ರದ ತಿರುಳನ್ನು ಹಿಡಿದವರು ಆಕೆಯೊಬ್ಬರೇ.

ಆದರೆ ಅದೇ ತಾಯಿಗೆ ಒಂದು ವಿಷಯ ಮಾತ್ರ ಒಪ್ಪಿಗೆಯಾಗಲಿಲ್ಲ. ಉಂಡು ಉಳಿದ ಆಹಾರ ಕೊಳೆತು ಅಮೋನಿಯವಾಗುವುದೆಂಬ ಭೀತಿಯಿಂದ ಜಲಪರೀಕ್ಷಕರು ಮೀನುಗಳಿಗೆ ಮಿತಾಹಾರವನ್ನೂ ವಾರಕ್ಕೊಂದು ನಿರಾಹಾರವನ್ನೂ ವಿಧಿಸಿದ್ದರು. ತಾನು ಏಕಾದಶಿಯ ದಿನವೂ ಮಸಾಲೆದೋಸೆ ಬಿಡದ ಮಗ ಮೂಕಪ್ರಾಣಿಗಳಿಂದ ಉಪವಾಸ ಮಾಡಿಸುವುದು ಆಕೆಗೆ ಅಧರ್ಮವಾಗಿ ತೋರಿತು. ಶೃಂಗೇರಿಯಲ್ಲಿ ತುಂಗೆಯ ಮೀನುಗಳಿಗೆ ಕೈಯಾರೆ ಪುರಿ ಹಾಕಿ, ಅವುಗಳ ಗಾತ್ರವನ್ನು ಕಣ್ಣಾರೆ ಕಂಡುಬಂದವರು ಅವರು. ಮಗ ಆಫೀಸಿಗೆ ಹೊರಟ ಮೇಲೆ ಒಂದು ಹಿಡಿ ಪುರಿ ತೊಟ್ಟಿಗೆ ಬೀಳತೊಡಗಿತು. ಸೊಸೆಯೂ ಮೊಮ್ಮಗನೂ ಕಂಡರು, ಸುಮ್ಮನಿದ್ದರು.

ನೈಟ್ರೇಟು ಏರಿತು. ಜಲಪರೀಕ್ಷಕರು ನಲ್ಲಿಯ ನೀರನ್ನು ಶಂಕಿಸಿದರು, ಹನಿಗಳ ಶೀಸೆಯ ತಾರೀಖನ್ನು ಶಂಕಿಸಿದರು, ಸ್ಪಂಜಿನಲ್ಲಿ ಸಿಕ್ಕಿದ ಬಿಳಿಯ ಮುದ್ದೆಯನ್ನು ಅಪೂರ್ವವಾದೊಂದು ಶಿಲೀಂಧ್ರವೆಂದು ನಿರ್ಣಯಿಸಿ ಅದರ ಛಾಯಾಚಿತ್ರ ತೆಗೆದರು. ಕೊನೆಗೆ ತೊಟ್ಟಿಯ ನೀರನ್ನೆಲ್ಲ ಗಂಟೆಗೆ ಐದು ಬಾರಿ ತಿರುಗಿಸುವ ಹೊಸ ಫಿಲ್ಟರೊಂದನ್ನು ಶಿವಾಜಿನಗರದಿಂದ ತಂದು, ಹಳೆಯ ಎರಡರ ಪಕ್ಕದಲ್ಲಿ ಸ್ಥಾಪಿಸಿದರು. ಉದ್ದಬಾಲದ ಗಪ್ಪಿಗಳು ಆ ಪ್ರವಾಹಕ್ಕೆ ಎದುರಾಗಿ ಈಜಿ ಈಜಿ ಒಂದು ಮೂಲೆಗೆ ಸೇರಿಕೊಂಡವು. ತಾಯಿ ಹತ್ತಿರ ಬಂದು ಬಹಳ ಹೊತ್ತು ನೋಡಿ, ಇಷ್ಟು ದುಡಿಯುವ ಪ್ರಾಣಿಗಳಿಗೆ ಒಂದು ಹಿಡಿ ಎಲ್ಲಿ ಸಾಕಾದೀತೆಂದು ಮರುದಿನದಿಂದ ಎರಡು ಹಿಡಿ ಮಾಡಿದರು.